ಅಂಗಳದ ಮಳೆ, ಪುಸ್ತಕದ ಮಳೆ

(ಕೃಷಿಕರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಇಬ್ಬರು ಎದುರಾದರೆ ಮೊದಲ ಮಾತು ಮಳೆಯದು. ‘ನಿಮ್ಮ ಕಡೆ ಮಳೆ ಹೇಗೆ?’ ಎಂದು ಒಬ್ಬರು ಕೇಳುತ್ತಾರೆ. ‘ಇಂಥ ಮಳೆಯನ್ನು ಕಂಡದ್ದೇ ಇಲ್ಲ’ ಎಂದು ಇನ್ನೊಬ್ಬರು ಉತ್ತರಿಸುತ್ತಾರೆ. ಹೋದ ವರ್ಷವೂ ಅವರು ಹೇಳಿದ್ದು ಇದನ್ನೇ. ಮಳೆಯ ವಿಷಯದಲ್ಲಿ ಮನುಷ್ಯನ ನೆನಪನ್ನು ಹೆಚ್ಚು ನಂಬಲಾಗದು. ಕಾಲುಸಂಕ ಕೊಚ್ಚಿಹೋದ ದಿನ ನೆನಪಿರುತ್ತದೆ. ಮದುವೆಯ ಚಪ್ಪರ ನೆನೆದ ದಿನ ನೆನಪಿರುತ್ತದೆ. ಯಾವ ಅನಾಹುತವನ್ನೂ ಮಾಡದೆ ಒಂದೇ ಸಮನೆ ಸುರಿದ ಇಪ್ಪತ್ತು ದಿನಗಳು ಯಾರಿಗೂ ನೆನಪಿರುವುದಿಲ್ಲ. ಕೆರೆಯನ್ನು ತುಂಬಿಸುವುದು, ಒರತೆಯನ್ನು ಎಬ್ಬಿಸುವುದು, ಗುಡ್ಡವನ್ನು ನೆನೆಸಿ ಭಾರವಾಗಿಸುವುದು ಮಾತ್ರ ಆ ಇಪ್ಪತ್ತು ದಿನಗಳೇ.

ನೆನಪಿನ ಬದಲು ಪುಸ್ತಕವನ್ನು ನಂಬಿದವರು ಕಾಫಿ ಬೆಳೆಗಾರರು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ಬೆಳಿಗ್ಗೆ ಮಳೆಮಾಪಕವನ್ನು ನೋಡಿ ಬರೆದಿಡುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ‘ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟು’ ಎಂಬ ಲೆಕ್ಕ ಅಲ್ಲಿ ಇಂದಿಗೂ ಕೇಳಿಬರುತ್ತದೆ. ದೇಶ ದಶಮಾನ ಪದ್ಧತಿಗೆ ಬಂದು ಆರು ದಶಕಗಳು ಕಳೆದರೂ ಕಾಫಿ ತೋಟದಲ್ಲಿ ಮಳೆ ಇಂಚಿನಲ್ಲೇ ಸುರಿಯುತ್ತಿದೆ. ಈ ಶಿಸ್ತು ಕೇವಲ ಕುತೂಹಲದಿಂದ ಬಂದದ್ದಲ್ಲ. ರೊಬಸ್ಟಾ ಗಿಡ ಹೂ ಬಿಡಲು ಫೆಬ್ರವರಿ, ಮಾರ್ಚ್ ತಿಂಗಳಿನಲ್ಲಿ ಸುಮಾರು ಒಂದು ಇಂಚು ಹೂಮಳೆ ಬೇಕು. ಹತ್ತೋ ಹದಿನೈದೋ ಸೆಂಟು ಬಿದ್ದು ನಿಂತರೆ ಮೊಗ್ಗು ಅರೆಬರೆ ಬಿರಿದು ಹಾಳಾಗುತ್ತದೆ. ಆಗ ತುಂತುರು ನೀರಾವರಿಯಿಂದ ಕೊರತೆಯನ್ನು ತುಂಬಬೇಕೇ ಬೇಡವೇ ಎಂಬುದನ್ನು ಒಂದೆರಡು ದಿನಗಳಲ್ಲಿ ನಿರ್ಧರಿಸಬೇಕಾಗುತ್ತದೆ. ಬಿದ್ದ ಮಳೆ ಎಷ್ಟೆಂದು ತಿಳಿಯದವನು ಆ ನಿರ್ಧಾರವನ್ನು ಕೈಗೊಳ್ಳಲಾರ.

ಅಡಿಕೆ ಮತ್ತು ಭತ್ತದ ಕೃಷಿಕರಿಗೆ ಈ ಅಭ್ಯಾಸ ಅಷ್ಟಾಗಿ ಬರಲಿಲ್ಲ. ಮಲೆನಾಡಿನಲ್ಲಿ ಮಳೆಗೆ ಬರವೇ ಎಂಬ ಧೈರ್ಯವೇ ಇದಕ್ಕೆ ಕಾರಣವಿರಬೇಕು. ಆ ಧೈರ್ಯ ಈಗ ಉಳಿದಿಲ್ಲ. 2023ರಲ್ಲಿ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಬಂತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಮುಟ್ಟಿತು. ವಾಡಿಕೆಯ ದಿನ ಜೂನ್ 1. ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಹೊಡೆದು ಮುಗಿಸಬೇಕೆಂದಿದ್ದ ತೋಟಗಳಲ್ಲಿ ಒಂದು ವಾರವೇ ಕೈತಪ್ಪಿಹೋಯಿತು.

ಸರ್ಕಾರ ಅಳೆಯುತ್ತಿದೆಯಲ್ಲ, ಊರವರು ಪ್ರತ್ಯೇಕವಾಗಿ ಅಳೆಯುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಘಟ್ಟದ ಸ್ವರೂಪದಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟವನ್ನು ಏರುವಾಗ ತಣಿದು ಮಳೆಯಾಗುತ್ತದೆ. ನೆತ್ತಿಯನ್ನು ದಾಟಿ ಇಳಿಯತೊಡಗಿದೊಡನೆ ಮಳೆ ವೇಗವಾಗಿ ಕುಗ್ಗುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿ.ಮೀ.ಯನ್ನು ಮೀರುತ್ತದೆ. ಅಲ್ಲಿಂದ ಒಂದು ತಾಸಿನ ದಾರಿಯ ತೀರ್ಥಹಳ್ಳಿ ಪೇಟೆಯಲ್ಲಿ ಅದರ ಅರ್ಧವೂ ಇಲ್ಲ. ಶಿವಮೊಗ್ಗಕ್ಕೆ ಬಂದರೆ 1,000 ಮಿ.ಮೀ.ನ ಆಸುಪಾಸು. ಆಗುಂಬೆಯೂ ತೀರ್ಥಹಳ್ಳಿಯೂ ಒಂದೇ ತಾಲ್ಲೂಕಿನವು ಎಂಬುದನ್ನು ಗಮನಿಸಬೇಕು. ಅಂಥ ತಾಲ್ಲೂಕಿಗೆ ಒಂದು ‘ಸರಾಸರಿ ಮಳೆ’ಯನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿದರೆ ಆ ಅಂಕಿ ಆಗುಂಬೆಯದೂ ಅಲ್ಲ, ತೀರ್ಥಹಳ್ಳಿಯದೂ ಅಲ್ಲ. ಒಂದೇ ಗ್ರಾಮದಲ್ಲಿ ಗುಡ್ಡದ ಪಡುವಣ ಮಗ್ಗುಲಿನ ಮನೆಗೂ ಮೂಡಣ ಮಗ್ಗುಲಿನ ಮನೆಗೂ ವ್ಯತ್ಯಾಸವಿರುವುದು ಮಾಪಕವನ್ನು ಇಟ್ಟವರಿಗೆ ಮೊದಲ ತಿಂಗಳಲ್ಲೇ ತಿಳಿಯುತ್ತದೆ.

ಕರ್ನಾಟಕದ ಮಟ್ಟಿಗೆ ಒಂದು ಒಳ್ಳೆಯ ಕೆಲಸ ನಡೆದಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಇಷ್ಟು ದಟ್ಟವಾದ ಜಾಲ ದೇಶದಲ್ಲಿ ವಿರಳ. ಆದರೂ ಯಂತ್ರಕ್ಕೆ ಅದರದೇ ಮಿತಿಗಳಿವೆ. ಅದರೊಳಗಿನ ಪುಟ್ಟ ತೊಟ್ಟಿಲು ನಿಗದಿತ ನೀರು ತುಂಬಿದಾಗಲೆಲ್ಲ ಮಗುಚಿ ಲೆಕ್ಕ ಹಾಕುತ್ತದೆ. ಮಳೆ ಬಹಳ ಬಿರುಸಾದಾಗ ಮಗುಚುವಷ್ಟರಲ್ಲಿ ಸ್ವಲ್ಪ ನೀರು ಲೆಕ್ಕ ತಪ್ಪುತ್ತದೆ. ಎಲೆಯೋ ಜೇಡರ ಬಲೆಯೋ ಬಾಯಿಗೆ ಕಟ್ಟಿದರೆ ಸುರಿವ ಮಳೆಯಲ್ಲೂ ಅದು ಮೌನವಾಗಿರುತ್ತದೆ. ಇದು ಹಣದ ಪ್ರಶ್ನೆಯೂ ಹೌದು. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದು ತೋಟದಲ್ಲಿ ಉದುರಿದ ಕಾಯಿಯನ್ನು ಎಣಿಸಿ ಅಲ್ಲ; ಗೊತ್ತುಪಡಿಸಿದ ಮಾಪಕದ ಅಂಕಿಯನ್ನು ನೋಡಿ. ಆ ಮಾಪಕ ಹದಿನೈದು ದಿನ ಕೆಟ್ಟಿದ್ದರೆ ಕೃಷಿಕ ಯಾವ ಆಧಾರದ ಮೇಲೆ ಪ್ರಶ್ನಿಸಬೇಕು? ಮನೆಯ ಪುಸ್ತಕ ವಿಮೆಗೆ ದಾಖಲೆಯಾಗದು ನಿಜ. ಆದರೆ ಸುತ್ತಲಿನ ಐದು ಮನೆಗಳ ಪುಸ್ತಕದಲ್ಲಿ 120, 135, 118 ಎಂದಿದ್ದು ಪಂಚಾಯಿತಿಯ ಮಾಪಕ ಮಾತ್ರ ಸೊನ್ನೆ ತೋರಿಸಿದ್ದರೆ, ಆ ಯಂತ್ರವನ್ನು ಬಂದು ನೋಡಿ ಎಂದು ಅದೇ ವಾರ ಬರೆದು ಕೇಳಲು ಅಷ್ಟು ಸಾಕು. ಕೊಯ್ಲಿನ ನಂತರ ಕೇಳುವುದಕ್ಕೂ ಆ ವಾರವೇ ಕೇಳುವುದಕ್ಕೂ ಬಹಳ ಅಂತರವಿದೆ.

ಇನ್ನು ಉಪಕರಣ. ಕೊಳ್ಳಬಲ್ಲವರು ಕೊಳ್ಳಲಿ, ಮನೆಯಲ್ಲೇ ಮಾಡಿಕೊಂಡದ್ದೂ ಕೆಲಸಕ್ಕೆ ಬರುತ್ತದೆ. ನೇರ ಬದಿಯ ಯಾವ ಪಾತ್ರೆಯಾದರೂ ಮಳೆಮಾಪಕವೇ. ನಿಂತ ನೀರಿನ ಆಳವೇ ಮಳೆ. ಇನ್ನೂ ನಿಖರವಾದ ದಾರಿ ಆಲಿಕೆಯದು. ಬಾಯಿಯ ಅಡ್ಡಳತೆ ಸರಿಯಾಗಿ 16 ಸೆಂ.ಮೀ. ಇರುವ ಆಲಿಕೆಯ ವಿಸ್ತೀರ್ಣ ಸುಮಾರು 201 ಚದರ ಸೆಂ.ಮೀ. ಅಂದರೆ ಒಂದು ಮಿ.ಮೀ. ಮಳೆಗೆ ಅದರ ಕೆಳಗಿನ ಕ್ಯಾನಿನಲ್ಲಿ 20 ಮಿ.ಲೀ. ನೀರು ಸೇರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಅಳತೆಯ ಲೋಟದಿಂದ ನೀರನ್ನು ಅಳೆದು 20ರಿಂದ ಭಾಗಿಸಿದರೆ ಮಳೆ ಸಿಕ್ಕಿತು. ಬಯಲುಸೀಮೆಗೆ ಎರಡು ಲೀಟರಿನ ಕ್ಯಾನು ಸಾಕಾದೀತು. ಘಟ್ಟದ ಮೇಲೆ ಸಾಲದು. ದಿನಕ್ಕೆ 300 ಮಿ.ಮೀ. ಸುರಿದರೆ ಆರು ಲೀಟರ್ ನೀರಾಗುತ್ತದೆ. ತುಂಬಿ ಚೆಲ್ಲಿದ ಮಾಪಕದ ದಿನ ಬಹುಪಾಲು ಅತಿ ಮುಖ್ಯವಾದ ದಿನವೇ ಆಗಿರುತ್ತದೆ. ಆದ್ದರಿಂದ ಎಂಟು ಲೀಟರಿನ ಕ್ಯಾನು ಇರಲಿ, ಜಡಿಮಳೆಯ ದಿನ ಸಂಜೆಯೂ ಒಮ್ಮೆ ಅಳೆದು ಬರೆದಿಟ್ಟುಕೊಂಡು ಮರುದಿನ ಬೆಳಗಿನ ಅಳತೆಗೆ ಕೂಡಿಸಲಿ.

ಮಾಪಕವನ್ನು ಎಲ್ಲಿ ಇಡಬೇಕೆಂಬುದು ಮಲೆನಾಡಿನಲ್ಲಿ ನಿಜವಾದ ಕಷ್ಟ. ಮರ, ಮನೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರದಲ್ಲಿರಬೇಕೆಂಬುದು ನಿಯಮ. ಐವತ್ತು ಅಡಿಯ ಅಡಿಕೆ ಮರಗಳ ನಡುವೆ ಮನೆ ಕಟ್ಟಿಕೊಂಡವರು ಈ ನಿಯಮವನ್ನು ಎಲ್ಲಿ ಪಾಲಿಸಿಯಾರು? ಅಡಿಕೆ ಒಣಗಿಸುವ ಅಂಗಳ, ಗದ್ದೆಯ ಬದು, ಶಾಲೆಯ ಮೈದಾನ ಇವುಗಳಲ್ಲಿ ಒಂದನ್ನು ಆರಿಸಬೇಕು. ಮಾಡಿನ ಅಂಚಿನ ಕೆಳಗಂತೂ ಕೂಡದು. ಬಾಯಿ ಮಟ್ಟಸವಾಗಿರಬೇಕು, ನೆಲದಿಂದ ಒಂದಡಿಯಷ್ಟು ಮೇಲಿರಬೇಕು. ಆಯ್ದ ಜಾಗ ಪರಿಪೂರ್ಣವಾಗಿರದಿದ್ದರೂ ಅದನ್ನು ಬದಲಾಯಿಸದಿರುವುದು ಮುಖ್ಯ.

ಅಳೆಯುವ ಹೊತ್ತು ಬೆಳಿಗ್ಗೆ ಎಂಟೂವರೆ. ಹವಾಮಾನ ಇಲಾಖೆಯೂ ಇದೇ ಹೊತ್ತನ್ನು ಅನುಸರಿಸುವುದರಿಂದ ಹೋಲಿಕೆ ಸುಲಭ. ಹತ್ತನೆಯ ತಾರೀಖು ಬೆಳಿಗ್ಗೆ ಅಳೆದದ್ದು ಹತ್ತನೆಯ ತಾರೀಖಿನ ಸಾಲಿಗೇ ಹೋಗಬೇಕು, ಅದರ ಬಹುಪಾಲು ಒಂಬತ್ತರ ಹಗಲು, ರಾತ್ರಿ ಬಿದ್ದದ್ದಾದರೂ. ಈ ಒಂದು ವಿಷಯದಲ್ಲಿ ಗೊಂದಲವಾಗಿ ಎಷ್ಟೋ ಒಳ್ಳೆಯ ದಾಖಲೆಗಳು ಒಂದಕ್ಕೊಂದು ಹೊಂದದಂತಾಗಿವೆ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಅಳೆಯಲು ಮರೆತ ದಿನ ಅಡ್ಡಗೆರೆ ಎಳೆಯಬೇಕು. ಇವೆರಡೂ ಒಂದೇ ಅಲ್ಲ. ಹನಿ ಬಿದ್ದು ಅಳತೆಗೆ ಸಿಗದಿದ್ದರೆ ‘ಹನಿ’ ಎಂದೇ ಬರೆಯಬಹುದು. ನೆಂಟರ ಮನೆಗೆ ಹೋಗಿ ಮೂರು ದಿನ ಬಿಟ್ಟು ಬಂದವರು ಮೂರು ದಿನದ ಒಟ್ಟು ಎಂದು ಬರೆಯಲಿ, ಮೂರರಿಂದ ಭಾಗಿಸಿ ಹಂಚುವುದು ಬೇಡ. ಊಹೆಯಿಂದ ತುಂಬಿದ ಒಂದು ಅಂಕಿಯಿದೆಯೆಂದು ತಿಳಿದರೆ ಇಡೀ ಪುಟದ ಮೇಲಿನ ವಿಶ್ವಾಸವೇ ಹೋಗುತ್ತದೆ. ಈ ದೃಷ್ಟಿಯಿಂದ ಶಾಲೆಯ ಮಕ್ಕಳ ಪುಸ್ತಕ ದೊಡ್ಡವರದಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿರುತ್ತದೆ. ಮರೆತದ್ದನ್ನು ಮರೆತೆವೆಂದು ಬರೆಯಲು ಅವರಿಗೆ ಸಂಕೋಚವಿಲ್ಲ.

ಮಳೆಯನ್ನು ಅಳೆಯುವುದು ಇಲ್ಲಿಯವರಿಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಅರತ್ನಿ, ಅಂದರೆ ಮೊಳದಷ್ಟು, ಅಗಲದ ಬಾಯಿಯ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಯಾವ ನಾಡಿಗೆ ಎಷ್ಟು ದ್ರೋಣ ಮಳೆ ಎಂಬ ಪಟ್ಟಿಯೂ ಇದೆ. ವರಾಹಮಿಹಿರನ ಬೃಹತ್ಸಂಹಿತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಭವಿಷ್ಯವನ್ನೂ ಹೇಳುತ್ತದೆ. ಮೋಡ ‘ಗರ್ಭ’ ಕಟ್ಟಿದ 195 ದಿನಗಳ ನಂತರ ಮಳೆಯಾಗಿ ಪ್ರಸವಿಸುತ್ತದೆ ಎಂಬುದು ಅದರ ಗಣನೆ. ಇದು ನಿಜವೋ ಸುಳ್ಳೋ ಎಂದು ವಾದಿಸುವುದರ ಬದಲು ಚಳಿಗಾಲದ ಮೋಡದ ದಿನಗಳನ್ನು ಗುರುತು ಹಾಕಿಕೊಂಡು 195 ದಿನಗಳನ್ನು ಎಣಿಸಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು.

ಕೃಷಿಕರ ನಡುವೆ ಇಂದಿಗೂ ಜೀವಂತವಾಗಿರುವುದು ಮಳೆ ನಕ್ಷತ್ರಗಳ ಪಂಚಾಂಗ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೆಯ ವಾರ ಕೃತ್ತಿಕೆ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರೆ, ಜುಲೈಯಲ್ಲಿ ಪುನರ್ವಸು, ಪುಷ್ಯ, ಆಗಸ್ಟಿನಲ್ಲಿ ಆಶ್ಲೇಷ, ಮಘೆ. ಮಳೆಗಾಲವನ್ನು ಹೀಗೆ ಅರ್ಧ ತಿಂಗಳಿನ ತುಂಡುಗಳಾಗಿ ಕತ್ತರಿಸಿಕೊಂಡದ್ದು ಬಹಳ ಜಾಣ್ಮೆಯ ಕೆಲಸ. ತಿಂಗಳ ಲೆಕ್ಕ ಬೇಸಾಯಕ್ಕೆ ತೀರ ಉದ್ದ, ವಾರದ ಲೆಕ್ಕ ತೀರ ಗಿಡ್ಡ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯಲ್ಲಿ ಬೇಸಾಯದ ವಿವೇಕವಿದೆ. ಏಪ್ರಿಲ್ ಕೊನೆಯಲ್ಲಿ ಒಂದು ಹದ ಮಳೆ ಸಿಕ್ಕರೆ ಉಳುಮೆ ಮುಗಿಯುತ್ತದೆ, ಕಳೆ ಮೊದಲೇ ಮೊಳೆತು ಸಾಯುತ್ತದೆ, ಬಿತ್ತನೆ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಆದರೆ ನಕ್ಷತ್ರದ ಲೆಕ್ಕದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಮಳೆಗಾಲ, ಬೇಸಿಗೆಗಳು ಸೂರ್ಯನ ಉತ್ತರ, ದಕ್ಷಿಣ ಚಲನೆಯನ್ನು ಅವಲಂಬಿಸಿವೆ. ಪಂಚಾಂಗದ ನಕ್ಷತ್ರಗಳು ಆಕಾಶದ ಸ್ಥಿರ ತಾರೆಗಳನ್ನು ಅವಲಂಬಿಸಿವೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲುತ್ತಾ ತಿರುಗುವುದರಿಂದ ಇವೆರಡರ ನಡುವೆ ಸುಮಾರು 71 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೀಳುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಆ ದಿನ ಮಕರ ಸಂಕ್ರಾಂತಿ. ಇಂದು ಸಂಕ್ರಾಂತಿ ಬರುವುದು 14 ಅಥವಾ 15ಕ್ಕೆ. ಸಂಕ್ರಾಂತಿ ಜರುಗಿದಂತೆಯೇ ಆರಿದ್ರೆಯೂ ಜರುಗಿದೆ. ಒಂದು ಗಾದೆ ಏಳುನೂರು ವರ್ಷ ಹಳೆಯದಾಗಿದ್ದರೆ ಅದು ಹೇಳುವ ಆರಿದ್ರೆ ಈಗಿನ ಲೆಕ್ಕದಲ್ಲಿ ಜೂನ್ 12ರ ಸುಮಾರಿಗೇ ಆರಂಭವಾಗುತ್ತಿತ್ತು. ಸಾವಿರ ವರ್ಷ ಹಳೆಯದಾದರೆ ಒಂದು ಇಡೀ ನಕ್ಷತ್ರದಷ್ಟು ವ್ಯತ್ಯಾಸ. ಇಲ್ಲಿ ಇನ್ನೂ ಒಂದು ವಿಚಿತ್ರವಿದೆ. ಈ ಜರುಗಾಟದಿಂದ ಮಳೆ ನಕ್ಷತ್ರಕ್ಕಿಂತ ಮುಂಚೆ ಬಂದಂತೆ ಕಾಣಬೇಕು. ಈಗಿನವರ ದೂರು ಬಹುಪಾಲು ಇದಕ್ಕೆ ವಿರುದ್ಧ: ಆರಿದ್ರೆ ಬಂದರೂ ಹಳ್ಳ ಏರಲಿಲ್ಲ ಎಂದು. ಹಾಗಾದರೆ ಮಳೆಯೇ ತಡವಾಗುತ್ತಿದೆಯೇ, ಅಥವಾ ತಡವಾದ ವರ್ಷಗಳು ಮಾತ್ರ ನೆನಪಿನಲ್ಲಿ ಉಳಿದಿವೆಯೇ? ಇದನ್ನು ತೀರ್ಮಾನಿಸಲು ಊರಿನ ಪುಸ್ತಕದ ಹೊರತು ಬೇರೆ ದಾರಿಯಿಲ್ಲ. ದಿನದ ಅಳತೆಯನ್ನು ತಿಂಗಳಿಗೊಮ್ಮೆ ಕೂಡಿಸುವಂತೆ ನಕ್ಷತ್ರಕ್ಕೊಮ್ಮೆಯೂ ಕೂಡಿಸಿಡಬೇಕು. ಹತ್ತು ವರ್ಷಗಳಾದ ಮೇಲೆ ಗಾದೆಗಳನ್ನು ಆ ಅಂಕಿಗಳ ಪಕ್ಕದಲ್ಲಿಟ್ಟು ನೋಡಬಹುದು.

ಇರುವೆ ಮೊಟ್ಟೆ ಹೊತ್ತು ಸಾಗುವುದು, ಗೆದ್ದಲು ರೆಕ್ಕೆ ಕಟ್ಟಿ ಏಳುವುದು, ಕಪ್ಪೆಗಳ ಕೂಗು ಇತ್ಯಾದಿ ಕುರುಹುಗಳ ಬಗ್ಗೆ ದೀರ್ಘವಾಗಿ ಹೇಳಬೇಕಿಲ್ಲ. ಅವು ಗಾಳಿಯ ತೇವಕ್ಕೆ ಮತ್ತು ಈಗಾಗಲೇ ಬಿದ್ದ ಮಳೆಗೆ ಸ್ಪಂದಿಸುತ್ತವೆ. ಕೆಲವು ಗಂಟೆಗಳ ಮಾತನ್ನು ಹೇಳಿಯಾವು, ಋತುವಿನ ಮಾತನ್ನು ಹೇಳಲಾರವು. ಮಳೆಯನ್ನು ತರುವ ಹಕ್ಕಿಯೆಂದು ಹೆಸರಾದ ಚಾತಕ ಉತ್ತರ ಭಾರತಕ್ಕೆ ಮುಂಗಾರಿನೊಡನೆ ವಲಸೆ ಬರುವುದು ನಿಜ. ದಕ್ಷಿಣದಲ್ಲಿ ವರ್ಷವಿಡೀ ಇಲ್ಲೇ ಇರುವ ಚಾತಕವೂ ಇರುವುದರಿಂದ ಉತ್ತರದ ಕವಿಸಮಯವನ್ನು ಇಲ್ಲಿಗೆ ತಂದು ಅನ್ವಯಿಸುವಂತಿಲ್ಲ. ಕಕ್ಕೆ ಹೂ ಬಿಟ್ಟ ಇಂತಿಷ್ಟು ದಿನಕ್ಕೆ ಮಳೆ ಎಂಬ ನಂಬಿಕೆಯನ್ನು ಮಾತ್ರ ಸುಲಭವಾಗಿ ಪರೀಕ್ಷಿಸಬಹುದು. ಒಂದೇ ಮರವನ್ನು ಪ್ರತಿ ವರ್ಷ ನೋಡಿ ಮೊದಲ ಹೂವಿನ ದಿನಾಂಕವನ್ನು ಮಳೆ ಪುಸ್ತಕದಲ್ಲೇ ಬರೆದರಾಯಿತು.

ಇನ್ನು ಇಲಾಖೆಯ ಮುನ್ಸೂಚನೆ. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಪ್ರಮಾಣವನ್ನು ನೋಡಿ 1886ರಲ್ಲಿ ಮುಂಗಾರಿನ ಮುನ್ಸೂಚನೆಯನ್ನು ಕ್ರಮಬದ್ಧವಾಗಿ ಆರಂಭಿಸಿದರು. ಅಲ್ಲಿಂದ ಇಲ್ಲಿಯವರೆಗೆ ಅದು ಸಾಗಿದ ದಾರಿ ನೇರವಾಗಿರಲಿಲ್ಲ. 2002ರಲ್ಲಿ ಸರಾಸರಿಯ 101 ಶೇಕಡ ಮಳೆಯಾಗುತ್ತದೆಂದು ಹೇಳಲಾಗಿತ್ತು, ಆದದ್ದು 81. ಎಲ್ ನಿನೋ ಬಂದರೆ ಬರವೇ ಎಂದು ಈಗ ಟಿ.ವಿ. ಮುಂದೆ ಕುಳಿತವರೆಲ್ಲ ಹೇಳುತ್ತಾರೆ. 1997ರ ಎಲ್ ನಿನೋ ಅತ್ಯಂತ ಪ್ರಬಲವಾಗಿತ್ತು, ಆ ವರ್ಷ ದೇಶದ ಮಳೆ ಸಾಮಾನ್ಯಕ್ಕಿಂತ ತುಸು ಹೆಚ್ಚೇ ಇತ್ತು. ಇಂದು ಏಪ್ರಿಲ್‌ನಲ್ಲಿಯೂ ಮೇ ಕೊನೆಯಲ್ಲಿಯೂ ಬರುವ ಋತುಮಾನದ ಮುನ್ಸೂಚನೆ ಸಂಭವನೀಯತೆಯ ಭಾಷೆಯಲ್ಲಿರುತ್ತದೆ. ಅದು ಇಡೀ ದೇಶದ 87 ಸೆಂ.ಮೀ. ಸರಾಸರಿಯ ಕುರಿತು. 96ರಿಂದ 104 ಶೇಕಡದೊಳಗೆ ಬಂದರೆ ‘ಸಾಮಾನ್ಯ’. ಆ ಒಂದು ಪದವನ್ನು ಓದಿ ಹೊಸನಗರದ ಕೃಷಿಕ ತನ್ನ ಗದ್ದೆಯ ಯೋಜನೆಯನ್ನು ಹಾಕುವಂತಿಲ್ಲ. ಅವನಿಗೆ ಹೆಚ್ಚು ಉಪಯುಕ್ತವಾದದ್ದು ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ, ಮುಂದಿನ ಐದು ದಿನಗಳದು. ಅದನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ, ಬರೆದಿಟ್ಟು ತಾಳೆ ನೋಡಬಹುದು.

ತಾಳೆ ನೋಡುವುದರಲ್ಲಿ ಒಂದು ಸೂಕ್ಷ್ಮವಿದೆ. ಮಲೆನಾಡಿನಲ್ಲಿ ಜುಲೈ ತಿಂಗಳಿನ 31 ದಿನಗಳಲ್ಲಿ 28 ದಿನ ಮಳೆಯಾಯಿತೆಂದು ಇಟ್ಟುಕೊಂಡರೆ, ಪ್ರತಿದಿನ ‘ನಾಳೆ ಮಳೆ’ ಎನ್ನುವವನು ನೂರಕ್ಕೆ ತೊಂಬತ್ತು ಸರಿ. ಅವನಿಗೆ ಹವಾಮಾನದ ಗಂಧವೂ ಬೇಕಿಲ್ಲ. ಅಡಿಕೆ ಬೆಳೆಗಾರನಿಗೆ ಬೇಕಾದದ್ದು ಮಳೆಯ ಮುನ್ಸೂಚನೆಯಲ್ಲ, ಹೊಳದ ಮುನ್ಸೂಚನೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಈ ನಾಡಿಗೆ ತಂದವರು ಮೈಸೂರು ಸಂಸ್ಥಾನದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್, ರೋಗದ ಬಗೆಗಿನ ಅವರ ವರದಿ 1910ರದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರಿಗೆ ಮೊದಲು ಒಮ್ಮೆ, ನಲವತ್ತು, ನಲವತ್ತೈದು ದಿನಗಳ ನಂತರ ಮತ್ತೊಮ್ಮೆ. ಎರಡನೆಯದು ಬರುವುದು ಸರಿಯಾಗಿ ಜಡಿಮಳೆಯ ನಡುವೆ. ಹೊಡೆದದ್ದು ಕೊನೆಯ ಮೇಲೆ ಒಣಗಲು ಕೆಲವು ತಾಸು ಹೊಳ ಸಿಗಲೇಬೇಕು. ರಾಳ ಸೇರಿಸಿದರೂ ಒಣಗುವ ಮೊದಲೇ ಮಳೆ ಹೊಡೆದರೆ ತೊಳೆದುಹೋಗುತ್ತದೆ. ಮರ ಏರುವ ಕೊನೆಗೌಡರು ಸಿಗುವುದೇ ಅಪರೂಪ. ಜಾರುವ ಮರವನ್ನು ಅವರು ಏರುವುದೂ ಅಪಾಯ. ಅವರು ಬರುವ ದಿನಕ್ಕೂ ಹೊಳಕ್ಕೂ ತಾಳೆಯಾಗದಿದ್ದರೆ ವರ್ಷದ ಫಸಲು ಕಾಯಿಯಾಗಿ ನೆಲಕ್ಕೆ ಬೀಳುತ್ತದೆ.

ಹೀಗಾಗಿ ಪುಸ್ತಕದಲ್ಲಿ ಇನ್ನೊಂದು ಅಂಕಣ ಬೇಕು: ‘ನಾಳೆ ಹೊಳ ಉಂಟೇ?’ ಸಂಜೆಯೇ ಬರೆಯಬೇಕು, ಮರುದಿನವಲ್ಲ. ಮೂವರ ಮಾತನ್ನು ಬೇರೆ ಬೇರೆಯಾಗಿ ಬರೆಯಬಹುದು. ಒಂದು, ಇಲಾಖೆಯದು. ಎರಡು, ಗಾಳಿ ತಿರುಗಿದ್ದನ್ನು, ಮೋಡದ ಬಣ್ಣವನ್ನು ನೋಡಿ ಹೇಳುವ ಮನೆಯ ಹಿರಿಯರದು. ಮೂರನೆಯದು ಏನನ್ನೂ ಯೋಚಿಸದೆ ‘ಇಂದಿನಂತೆಯೇ ನಾಳೆ’ ಎನ್ನುವುದು. ಹೊಳ ಎಂದದ್ದರಲ್ಲಿ ಬಂದದ್ದೆಷ್ಟು, ಬಾರದ್ದೆಷ್ಟು, ಹೇಳದೆಯೇ ಬಂದ ಹೊಳ ಎಷ್ಟು ಎಂದು ಋತುವಿನ ಕೊನೆಗೆ ಎಣಿಸಿದರೆ ಯಾರನ್ನು ಎಷ್ಟು ನಂಬಬಹುದೆಂದು ತಿಳಿಯುತ್ತದೆ. ‘ಇಂದಿನಂತೆಯೇ ನಾಳೆ’ ಎಂಬುದನ್ನು ಸೋಲಿಸುವುದು ಕಾಣುವಷ್ಟು ಸುಲಭವಲ್ಲ. ಹಿರಿಯರೂ ಸೋಲುವುದುಂಟು, ಇಲಾಖೆಯೂ ಸೋಲುವುದುಂಟು. ಕೆಲವು ಮನೆಗಳಲ್ಲಿ ಇದರಿಂದ ಸಣ್ಣ ಮುನಿಸುಗಳು ಉಂಟಾದರೆ ಆಶ್ಚರ್ಯವಿಲ್ಲ.

ಕೊಳೆರೋಗದಲ್ಲಿ ಹೋಗುವುದು ಫಸಲು. ಗುಡ್ಡ ಕುಸಿತದಲ್ಲಿ ಹೋಗುವುದು ಜೀವ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ, ಚಾರ್ಮಾಡಿಯ ಕಡೆ ಗುಡ್ಡಗಳು ಜಾರಿದ್ದನ್ನು ಇಲ್ಲಿರುವವರಿಗೆ ನೆನಪಿಸಬೇಕಿಲ್ಲ. ಒಂದು ದಿನದ ಮಳೆ ಮಾತ್ರ ಗುಡ್ಡವನ್ನು ಬೀಳಿಸುವುದಲ್ಲ. ಅದಕ್ಕೆ ಮೊದಲಿನ ವಾರಗಳಲ್ಲಿ ಮಣ್ಣು ಎಷ್ಟು ನೀರನ್ನು ಕುಡಿದಿತ್ತು ಎಂಬುದೂ ಅಷ್ಟೇ ಮುಖ್ಯ. ಒಣ ಜೂನ್‌ನಲ್ಲಿ 200 ಮಿ.ಮೀ. ಸುರಿದರೆ ಹಳ್ಳ ಉಕ್ಕಿ ಇಳಿದೀತು; ಅದೇ 200 ಮಿ.ಮೀ. ನೆನೆದ ಆಗಸ್ಟಿನಲ್ಲಿ ಬೇರೆಯೇ ಆದೀತು. ಆದ್ದರಿಂದ ಜೂನ್ 1ರಿಂದ ಕೂಡಿಸುತ್ತ ಹೋಗುವ ಒಟ್ಟು ಮೊತ್ತ ಮತ್ತು ಕಳೆದ ಮೂರು ದಿನಗಳ ಮೊತ್ತ, ಈ ಎರಡು ಅಂಕಿಗಳು ಪುಸ್ತಕದಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಮನೆಯ ಹಿಂದಿನ ದರೆಯಲ್ಲಿ ಒರತೆ ಎದ್ದ ದಿನ ಒಟ್ಟು ಎಷ್ಟಿತ್ತು, ಹಳ್ಳದ ನೀರು ಕೆಂಪಾದ ದಿನ ಎಷ್ಟಿತ್ತು, ಬಾವಿ ತುಳುಕಿದ ದಿನ ಎಷ್ಟಿತ್ತು ಎಂದು ಗುರುತು ಹಾಕುತ್ತ ಬಂದರೆ ನಾಲ್ಕೈದು ಮಳೆಗಾಲಗಳಲ್ಲಿ ಆ ಗುಡ್ಡದ ಸ್ವಭಾವ ತಿಳಿಯತೊಡಗುತ್ತದೆ. ಯಾವ ಉಪಗ್ರಹವೂ ಒಂದು ಮನೆಯ ದರೆಯ ಲೆಕ್ಕವನ್ನು ಇಡುವುದಿಲ್ಲ.

ಇದು ಬರಿಯ ಆಶಯದ ಮಾತಲ್ಲ. ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಸೆಂಟರ್ ಎಂಬ ಪರಿಸರ ಸಂಸ್ಥೆ ಜಿಲ್ಲೆಯ ಕೃಷಿಕರು ಮತ್ತಿತರ ಜನರ ನೆರವಿನಿಂದ ಸುಮಾರು ಇನ್ನೂರು ಮಳೆಮಾಪಕಗಳ ಜಾಲವನ್ನು ನಡೆಸುತ್ತ ಬಂದಿದೆ. 2024ರ ಜುಲೈ 29ರಂದು ಆ ಮಾಪಕಗಳ ಅಂಕಿಗಳನ್ನು ಆಧರಿಸಿ ಮುಂಡಕ್ಕೈ ಕಡೆಯ ಬೆಟ್ಟಗಳಲ್ಲಿ ಕುಸಿತದ ಅಪಾಯವಿದೆಯೆಂದು ಅದು ಆಡಳಿತಕ್ಕೆ ತಿಳಿಸಿತ್ತು. 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಜನರೇ ಅಳೆದ ಮಳೆಯಿಂದ ಎಚ್ಚರಿಕೆ ಹುಟ್ಟಬಲ್ಲದೆಂಬುದನ್ನೂ, ಎಚ್ಚರಿಕೆ ಹುಟ್ಟಿದರಷ್ಟೇ ಸಾಲದೆಂಬುದನ್ನೂ ಆ ರಾತ್ರಿ ಒಟ್ಟಿಗೇ ತೋರಿಸಿತು. ಎಷ್ಟು ಮಿ.ಮೀ. ದಾಟಿದರೆ ಯಾರು ಯಾರಿಗೆ ತಿಳಿಸಬೇಕು, ಯಾವ ಮನೆಗಳವರು ಯಾವ ಶಾಲೆಗೆ ಹೋಗಬೇಕು ಎಂಬುದನ್ನು ಮೇ ತಿಂಗಳಿನಲ್ಲೇ ಗ್ರಾಮಸಭೆಯಲ್ಲಿ ಕುಳಿತು ನಿರ್ಧರಿಸಬೇಕು. ಜಡಿಮಳೆಯಲ್ಲಿ ವಿದ್ಯುತ್ತು ಇರುವುದಿಲ್ಲ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಅಂಗಳದ ಕ್ಯಾನಿಗೆ ಎರಡೂ ಬೇಕಿಲ್ಲ. ಆದರೆ ಅದರ ಅಂಕಿಯನ್ನು ಓದಿದವನು ಕತ್ತಲಲ್ಲಿ ಯಾರ ಬಾಗಿಲು ತಟ್ಟಬೇಕೆಂಬುದು ಮೊದಲೇ ಗೊತ್ತಿರಬೇಕು.

ಒಂಟಿ ಮಾಪಕಕ್ಕಿಂತ ಜಾಲಕ್ಕೆ ಬೆಲೆ ಹೆಚ್ಚೆಂಬುದನ್ನು ಬ್ರಿಟನ್ನಿನ ಜಾರ್ಜ್ ಸೈಮನ್ಸ್ ನೂರೈವತ್ತು ವರ್ಷಗಳ ಹಿಂದೆಯೇ ತೋರಿಸಿದರು. 1860ರಲ್ಲಿ ಅವರು 168 ಕಡೆಗಳ ಮಳೆ ಲೆಕ್ಕವನ್ನು ಕಲೆಹಾಕಿದರು. 1900ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ವೀಕ್ಷಕರ ಸಂಖ್ಯೆ ಮೂರು ಸಾವಿರವನ್ನು ದಾಟಿತ್ತು. ಬಹುಪಾಲು ಎಲ್ಲರೂ ಸ್ವಯಂಸೇವಕರು. ಅಮೆರಿಕದ ಕೊಲರಾಡೊದಲ್ಲಿ 1997ರ ಜುಲೈಯಲ್ಲಿ ಫೋರ್ಟ್ ಕಾಲಿನ್ಸ್ ಊರಿನ ಒಂದು ಬದಿಗೆ ಪ್ರವಾಹ ತಂದ ಮಳೆ ಇನ್ನೊಂದು ಬದಿಯವರಿಗೆ ತಿಳಿಯಲೇ ಇಲ್ಲ. ಮರುವರ್ಷ ಅಲ್ಲಿನವರು ಮನೆಮನೆಯ ಮಾಪಕಗಳ ಜಾಲವನ್ನು ಆರಂಭಿಸಿದರು. ಅದು ಈಗ ಇಡೀ ದೇಶಕ್ಕೆ ಹಬ್ಬಿದೆ. ಕೇರಳದ ಮೀನಚಿಲ್ ನದಿಯ ದಂಡೆಯಲ್ಲಿ ಶಾಲಾ ಮಕ್ಕಳೂ ಸೇರಿ ಮಳೆಯನ್ನೂ ಹೊಳೆಯ ಮಟ್ಟವನ್ನೂ ಅಳೆಯುತ್ತಾರೆ. ಮೇಲಿನ ಊರಿನ ಅಂಕಿ ಕೆಳಗಿನ ಊರಿಗೆ ಎಚ್ಚರಿಕೆಯಾಗುತ್ತದೆ. ತುಂಗೆ, ಶರಾವತಿ, ಅಘನಾಶಿನಿಯ ಕಣಿವೆಗಳಲ್ಲಿ ಒಂದೊಂದು ಹಳ್ಳದ ಮೇಲಿನಿಂದ ಕೆಳಗಿನವರೆಗೆ ಐದಾರು ಮನೆಗಳು ಒಪ್ಪಿದರೆ ಆರಂಭಕ್ಕೆ ಅಷ್ಟು ಸಾಕು.

ವಿದ್ಯಾರ್ಥಿಗಳು ಈ ರಜೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಹಳೆಯ ಮನೆಗಳ ಅಟ್ಟದಲ್ಲಿ, ಲೆಕ್ಕದ ಪೆಟ್ಟಿಗೆಯಲ್ಲಿ, ಪಂಚಾಂಗದ ಅಂಚಿನಲ್ಲಿ ಹಿರಿಯರು ಬರೆದ ಮಳೆಯ ಲೆಕ್ಕಗಳಿದ್ದರೆ ಹುಡುಕಿ, ಪುಟಪುಟವನ್ನೂ ಫೋಟೋ ತೆಗೆದಿಡಬೇಕು. ಮನೆ ಒಡೆದು ಕಟ್ಟುವಾಗ ಇಂಥ ಪುಸ್ತಕಗಳು ಒಲೆಗೆ ಹೋಗುತ್ತವೆ, ಉಳಿದವು ಗೆದ್ದಲಿಗೆ. ಇಂಚು, ಸೆಂಟನ್ನು ಹಾಗೆಯೇ ನಕಲು ಮಾಡಿ ಪಕ್ಕದಲ್ಲಿ ಮಿ.ಮೀ. ಬರೆಯಬೇಕು, ಒಂದು ಇಂಚಿಗೆ 25.4. ಮೂಲವನ್ನು ತಿದ್ದಬಾರದು, ತಪ್ಪೆಂದು ತೋರಿದರೂ.

ಹೊಸ ಪುಸ್ತಕದ ಮೊದಲ ಪುಟದಲ್ಲಿ ಊರಿನ ಹೆಸರು, ಮಾಪಕವಿಟ್ಟ ಜಾಗ, ಹತ್ತಿರದ ಮರಕ್ಕೂ ಮನೆಗೂ ಇರುವ ದೂರ, ಆಲಿಕೆಯ ಅಡ್ಡಳತೆ, ಆರಂಭಿಸಿದ ದಿನ ಇಷ್ಟನ್ನು ಬರೆಯಬೇಕು. ಮರ ಕಡಿದರೆ, ಮಾಪಕ ಒಡೆದು ಹೊಸದು ಬಂದರೆ, ಅಳೆಯುವವರು ಬದಲಾದರೆ ಆ ದಿನಾಂಕವನ್ನೂ ಅದೇ ಪುಟದಲ್ಲಿ ಸೇರಿಸಬೇಕು.